ಪವರ್‌ಶೆಲ್ ಸ್ಕ್ರಿಪ್ಟ್ ಓಡದಿದ್ದಾಗ: ದೋಷ ಯಾವ ಹಂತದಲ್ಲಿದೆ ಎಂದು ಪತ್ತೆಹಚ್ಚುವ ಕ್ರಮ

ಟೈಪ್ ಮಾಡಿದ ಕಮಾಂಡ್‌ಗಳ ಮೂಲಕ ಕಂಪ್ಯೂಟರಿಗೆ ಕೆಲಸ ಹೇಳಲು ಬಳಸುವ ಪವರ್‌ಶೆಲ್ ಕಲಿಯಲು ಕುಳಿತವರಲ್ಲಿ ಹೆಚ್ಚಿನವರು ತಮ್ಮ ಮೊದಲ ಸ್ಕ್ರಿಪ್ಟ್‌ನಲ್ಲೇ ಎಡವುತ್ತಾರೆ. ಒಂದೊಂದಾಗಿ ಟೈಪ್ ಮಾಡಿದಾಗ ಸರಿಯಾಗಿ ನಡೆದ ಕಮಾಂಡ್‌ಗಳನ್ನೇ ಒಂದು ಕಡತದಲ್ಲಿ ಬರೆದಿಟ್ಟು ಓಡಿಸಲು ಹೋದರೆ ಪರದೆಯ ತುಂಬ ಕೆಂಪು ಅಕ್ಷರಗಳು ಬರುತ್ತವೆ. ಆಗ ಅಂತರಜಾಲದಲ್ಲಿ ಹುಡುಕಿ ಮೊದಲು ಸಿಕ್ಕಿದ ಸಾಲನ್ನು ಅಂಟಿಸುವುದು, ಅದರಿಂದ ಆಗದಿದ್ದರೆ ಇನ್ನೊಂದನ್ನು ಅಂಟಿಸುವುದು ನಡೆಯುತ್ತದೆ. ಕೊನೆಗೆ ಸ್ಕ್ರಿಪ್ಟ್ ಓಡಿದರೂ ಯಾವುದರಿಂದ ಓಡಿತು ಎಂಬುದು ತಿಳಿಯುವುದಿಲ್ಲ. ಜೊತೆಗೆ, ಅಂಟಿಸಿದ ಸಾಲುಗಳಲ್ಲಿ ಒಂದು ಕಂಪ್ಯೂಟರಿನ ಕಾವಲನ್ನು ಶಾಶ್ವತವಾಗಿ ಸಡಿಲಿಸಿರುವ ಸಾಧ್ಯತೆಯೂ ಇದೆ.

ಸ್ಕ್ರಿಪ್ಟ್ ಓಡುವುದೆಂದರೆ ಕೆಲವು ಹಂತಗಳನ್ನು ಒಂದರ ನಂತರ ಒಂದು ದಾಟುವುದು. ಸರಿಯಾದ ಶೆಲ್, ಅಂದರೆ ಕಮಾಂಡ್‌ಗಳನ್ನು ಪಡೆದು ನಡೆಸುವ ತಂತ್ರಾಂಶ, ತೆರೆದಿರಬೇಕು, ಕೊಟ್ಟ ಹೆಸರು ಅದಕ್ಕೆ ಸಿಗಬೇಕು, ಓಡಿಸಲು ಅನುಮತಿ ಇರಬೇಕು, ಕಡತದೊಳಗಿನ ಅಕ್ಷರಗಳನ್ನು ಅದು ಇದ್ದಂತೆಯೇ ಓದಿಕೊಳ್ಳಬೇಕು, ಆಮೇಲೆ ನಾವು ಬರೆದ ತರ್ಕ ಸರಿಯಿರಬೇಕು. ಒಂದೊಂದು ಹಂತದಲ್ಲಿ ಸಿಕ್ಕಿಕೊಂಡಾಗ ಕಾಣುವ ಲಕ್ಷಣ ಬೇರೆ ಬೇರೆ. ಹಂತ ಯಾವುದೆಂದು ಗೊತ್ತಾದರೆ ಪರಿಹಾರ ಬಹುತೇಕ ಒಂದೇ ಸಾಲಿನದಾಗಿರುತ್ತದೆ. ಆದ್ದರಿಂದ ಈ ಬರಹದಲ್ಲಿ ಪರಿಹಾರಕ್ಕಿಂತ ಪತ್ತೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇಲ್ಲಿ ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡ ಲಿಪಿಯಲ್ಲೇ ಬರೆದಿದೆ. ಕೀಲಿಮಣೆಯಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು. ಪವರ್‌ಶೆಲ್‌ನ ಸ್ವಂತ ಕಮಾಂಡ್‌ಗಳು ‘ಗೆಟ್’, ‘ಸೆಟ್’ನಂಥ ಕ್ರಿಯಾಪದ, ನಡುವೆ ಒಂದು ಅಡ್ಡಗೆರೆ, ನಂತರ ಒಂದು ನಾಮಪದ ಎಂಬ ಕಟ್ಟಿನಲ್ಲಿರುವುದರಿಂದಲೂ, ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಶೆಲ್ ಎಣಿಸದಿರುವುದರಿಂದಲೂ ಇದು ಕಷ್ಟವಾಗಲಾರದು. ಕಾಗುಣಿತ ನೆನಪಿಗೆ ಬಾರದಿದ್ದರೆ ಮೊದಲ ಕೆಲವು ಅಕ್ಷರಗಳ ನಂತರ ಟ್ಯಾಬ್ ಕೀಲಿ ಒತ್ತಿ; ಉಳಿದದ್ದನ್ನು ಶೆಲ್ಲೇ ತುಂಬಿಕೊಡುತ್ತದೆ.

ಮೊದಲು ಕೆಂಪು ಸಾಲುಗಳನ್ನು ಓದಿ

ದೋಷಸಂದೇಶವನ್ನು ಪೂರ್ತಿಯಾಗಿ ಓದದೆ ಕಿಟಕಿ ಮುಚ್ಚುವುದು ಹೊಸಬರ ಅತಿ ದೊಡ್ಡ ನಷ್ಟ. ವಿಂಡೋಸ್ ಪವರ್‌ಶೆಲ್‌ನ ಸಂದೇಶದಲ್ಲಿ ಮೊದಲು ಏನಾಯಿತು ಎಂಬ ವಾಕ್ಯ, ಅದರ ಕೆಳಗೆ ಎಷ್ಟನೆಯ ಸಾಲು ಮತ್ತು ಎಷ್ಟನೆಯ ಅಕ್ಷರ ಎಂಬ ಗುರುತು, ಆ ಸಾಲಿನ ನಕಲು ಮತ್ತು ತಪ್ಪಿದ ಜಾಗದ ಕೆಳಗೆ ಅಲೆಯಂಥ ಗೆರೆ ಇರುತ್ತವೆ. ಕೊನೆಯ ಎರಡು ಸಾಲುಗಳು ‘ಕೆಟಗರಿ ಇನ್ಫೋ’ ಮತ್ತು ‘ಫುಲಿ ಕ್ವಾಲಿಫೈಡ್ ಎರರ್ ಐಡಿ’. ಈ ಐಡಿ ಎಂಬುದು ದೋಷದ ನಿಜವಾದ ಹೆಸರು. ಮೇಲಿನ ವಾಕ್ಯದ ಪದಗಳು ಸಂದರ್ಭಕ್ಕೆ ತಕ್ಕಂತೆ ಬದಲಾದರೂ ಐಡಿ ಬದಲಾಗುವುದಿಲ್ಲವಾದ್ದರಿಂದ, ಹುಡುಕುವಾಗಲೂ ಇನ್ನೊಬ್ಬರನ್ನು ಕೇಳುವಾಗಲೂ ಅದನ್ನೇ ಕೊಡಬೇಕು. ಪವರ್‌ಶೆಲ್ 7ರಲ್ಲಿ ಸಂದೇಶ ಚಿಕ್ಕದಾಗಿ ಬರುತ್ತದೆ. ಅಲ್ಲಿ ‘ಗೆಟ್-ಎರರ್’ ಎಂದು ಒತ್ತಿದರೆ ಪೂರ್ಣ ವಿವರ ಸಿಗುತ್ತದೆ.

ಒಟ್ಟಿಗೆ ಹತ್ತು ದೋಷಗಳು ಬಂದರೆ ಮೇಲಿನದರಿಂದ ಆರಂಭಿಸಿ. ಒಂದು ಆವರಣ ಅಥವಾ ಉದ್ಧರಣ ಚಿಹ್ನೆ ಮುಚ್ಚದೆ ಉಳಿದರೆ ಅದರ ಕೆಳಗಿನ ಸರಿಯಾದ ಸಾಲುಗಳೂ ತಪ್ಪಾಗಿ ಕಾಣುತ್ತವೆ.

ಇನ್ನೊಂದು ಪರೀಕ್ಷೆ ಬಹಳ ಉಪಯುಕ್ತ. ಪವರ್‌ಶೆಲ್ ಕಡತವೊಂದನ್ನು ಓಡಿಸುವ ಮೊದಲು ಅದನ್ನು ಇಡಿಯಾಗಿ ಓದಿ, ವ್ಯಾಕರಣ ಸರಿಯಿದೆಯೇ ಎಂದು ನೋಡುತ್ತದೆ. ಐವತ್ತನೆಯ ಸಾಲಿನಲ್ಲಿ ವ್ಯಾಕರಣದ ತಪ್ಪಿದ್ದರೆ ಮೊದಲ ಸಾಲೂ ಓಡುವುದಿಲ್ಲ. ಆದ್ದರಿಂದ ಸ್ಕ್ರಿಪ್ಟ್‌ನ ತಲೆಯಲ್ಲಿ ‘ರೈಟ್-ಹೋಸ್ಟ್’ ಬಳಸಿ ‘ಶುರು’ ಎಂಬ ಒಂದು ಪದ ಮುದ್ರಿಸುವ ಸಾಲು ಇಟ್ಟುಕೊಳ್ಳಿ. ಆ ಪದ ಪರದೆಗೆ ಬಂದಿದ್ದರೆ ಶೆಲ್, ಹೆಸರು, ಅನುಮತಿ, ವ್ಯಾಕರಣ ನಾಲ್ಕೂ ದಾಟಿದವು, ದೋಷ ಮುಂದಿದೆ ಎಂದರ್ಥ. ಅದು ಬರದಿದ್ದರೆ ಸ್ಕ್ರಿಪ್ಟ್‌ನ ತರ್ಕವನ್ನು ತಿದ್ದುತ್ತಾ ಕೂರುವುದು ವ್ಯರ್ಥ.

ಯಾವ ಶೆಲ್ ತೆರೆದಿದೆ

ಪವರ್‌ಶೆಲ್‌ನ ಮೊದಲ ಆವೃತ್ತಿ ಹೊರಬಂದದ್ದು 2006ರಲ್ಲಿ. ಇಂದಿನ ವಿಂಡೋಸ್ ಕಂಪ್ಯೂಟರಿನಲ್ಲಿ ಆ ಹೆಸರಿನ ಎರಡು ತಂತ್ರಾಂಶಗಳು ಅಕ್ಕಪಕ್ಕದಲ್ಲಿ ಇರಬಹುದು. ವಿಂಡೋಸ್ ಜೊತೆಗೇ ಬರುವುದು ‘ವಿಂಡೋಸ್ ಪವರ್‌ಶೆಲ್’ 5.1, ಅದು ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್ ಮೇಲೆ ನಿಂತಿದೆ. 2016ರಲ್ಲಿ ಇದರ ಮೂಲಸಂಕೇತವನ್ನು ಮುಕ್ತಗೊಳಿಸಿದ ನಂತರ ಬೆಳೆದ ಕವಲು ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲೂ ನಡೆಯುವಂಥದ್ದು. 2020ರಲ್ಲಿ ಬಂದ 7ನೇ ಆವೃತ್ತಿಯಿಂದ ಅದನ್ನು ಬರೀ ‘ಪವರ್‌ಶೆಲ್’ ಎನ್ನುತ್ತಾರೆ. ಇದನ್ನು ಬೇರೆಯಾಗಿ ಸ್ಥಾಪಿಸಿಕೊಳ್ಳಬೇಕು, ಮತ್ತು ಇದನ್ನು ಕರೆಯುವ ಕಮಾಂಡ್ ಪಿ, ಡಬ್ಲ್ಯು, ಎಸ್, ಎಚ್ ಎಂಬ ನಾಲ್ಕೇ ಅಕ್ಷರಗಳದು. ಹೊಸದನ್ನು ಸ್ಥಾಪಿಸಿದರೆ ಹಳೆಯದು ಹೋಗುವುದಿಲ್ಲ.

ಎಡತುದಿಯಲ್ಲಿ ‘ಪಿಎಸ್’ ಎಂಬ ಎರಡು ಅಕ್ಷರಗಳೇ ಇಲ್ಲದಿದ್ದರೆ ನೀವಿರುವುದು ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ. ಅಲ್ಲಿ ‘ಗೆಟ್-’ ಎಂದು ಆರಂಭವಾಗುವ ಯಾವ ಕಮಾಂಡೂ ನಡೆಯದು. ‘ಪಿಎಸ್’ ಇದ್ದರೆ, ಮುಂದಿನ ಹೆಸರನ್ನು ಡಾಲರ್ ಚಿಹ್ನೆಯೂ ಸೇರಿ ಒತ್ತಿ:

$ಪಿಎಸ್‌ವರ್ಷನ್‌ಟೇಬಲ್

ಉತ್ತರದಲ್ಲಿ ‘ಪಿಎಸ್ ಎಡಿಷನ್’ ಎದುರು ‘ಡೆಸ್ಕ್‌ಟಾಪ್’ ಎಂದಿದ್ದರೆ ಹಳೆಯದು, ‘ಕೋರ್’ ಎಂದಿದ್ದರೆ ಹೊಸದು. ಸ್ಕ್ರಿಪ್ಟ್ ಕಡತದ ಕೊನೆಯಲ್ಲಿ ಬರುವ ‘.ಪಿಎಸ್1’ನ 1ನ್ನು ನೋಡಿ ಆವೃತ್ತಿ ಎಣಿಸಬೇಡಿ. 7ರಲ್ಲೂ ಅದು 1 ಆಗಿಯೇ ಉಳಿದಿದೆ. ಈ ಎರಡು ಶೆಲ್‌ಗಳಲ್ಲಿ ಯಾವುದು ಎಂಬ ಪ್ರಶ್ನೆಗೆ ಇಲ್ಲಿಯೇ ಉತ್ತರ ಪಡೆದುಕೊಳ್ಳುವುದು ಏಕೆ ಮುಖ್ಯ ಎಂಬುದು, ಕನ್ನಡ ಅಕ್ಷರಗಳ ವಿಷಯ ಬಂದಾಗ ಸ್ಪಷ್ಟವಾಗುತ್ತದೆ.

ಹೆಸರು ಸಿಗದಿದ್ದಾಗ

ಐಡಿಯ ಜಾಗದಲ್ಲಿ ‘ಕಮಾಂಡ್ ನಾಟ್ ಫೌಂಡ್ ಎಕ್ಸೆಪ್ಷನ್’ ಎಂದು ಬಂದರೆ ಶೆಲ್‌ಗೆ ನೀವು ಕೊಟ್ಟ ಹೆಸರಿನ ಏನೂ ಸಿಕ್ಕಿಲ್ಲ. ಕಡತ ಕಣ್ಣೆದುರಿನ ಫೋಲ್ಡರಿನಲ್ಲೇ ಇದ್ದರೂ ಹೀಗಾಗುವುದುಂಟು. ಕಮಾಂಡ್ ಪ್ರಾಂಪ್ಟ್ ಈಗಿರುವ ಫೋಲ್ಡರನ್ನೂ ಹುಡುಕುತ್ತದೆ. ಪವರ್‌ಶೆಲ್ ಬೇಕೆಂದೇ ಹಾಗೆ ಮಾಡುವುದಿಲ್ಲ. ಯಾರೋ ಕಳುಹಿಸಿದ ಜಿಪ್ ಬಿಚ್ಚಿದ ಫೋಲ್ಡರಿನಲ್ಲಿ ಪರಿಚಿತ ಕಮಾಂಡಿನ ಹೆಸರನ್ನೇ ಹೊತ್ತ ಕಡತವೊಂದು ಅಡಗಿದ್ದರೆ ಅದು ತಾನಾಗಿ ಓಡಬಾರದು ಎಂಬುದೇ ಇದರ ಕಾರಣ. ‘ಇಲ್ಲಿರುವುದನ್ನೇ ಓಡಿಸು’ ಎಂದು ನಾವು ಬಾಯಿಬಿಟ್ಟು ಹೇಳಬೇಕು. ಹೇಳುವ ಬಗೆ ಎಂದರೆ ಹೆಸರಿನ ಮುಂದೆ ಒಂದು ಚುಕ್ಕೆ ಮತ್ತು ಹಿಂದಕ್ಕೆ ಬಾಗಿದ ಗೆರೆ:

.\ಸಂಬಳ.ಪಿಎಸ್1

ಹೀಗೆ ಒತ್ತಿದರೂ ಸಿಗದಿದ್ದರೆ ‘ಗೆಟ್-ಚೈಲ್ಡ್‌ಐಟಂ’ ಎಂದು ಒತ್ತಿ ಫೋಲ್ಡರಿನ ಪಟ್ಟಿಯನ್ನು ಅಕ್ಷರಶಃ ಓದಿ. ವಿಂಡೋಸ್ ಎಕ್ಸ್‌ಪ್ಲೋರರ್ ಪರಿಚಿತ ಕಡತಗಳ ಬಾಲವನ್ನು ಮರೆಮಾಡುವುದರಿಂದ, ನೋಟ್‌ಪ್ಯಾಡಿನಲ್ಲಿ ಉಳಿಸಿದ ‘ಸಂಬಳ.ಪಿಎಸ್1’ ಎಷ್ಟೋ ಬಾರಿ ನಿಜದಲ್ಲಿ ‘ಸಂಬಳ.ಪಿಎಸ್1.ಟಿಎಕ್ಸ್‌ಟಿ’ ಆಗಿರುತ್ತದೆ. ಶೆಲ್‌ನ ಪಟ್ಟಿ ಈ ಬಾಲವನ್ನು ಮರೆಮಾಡದು.

ದಾರಿಯ ನಡುವೆ ಖಾಲಿ ಜಾಗವಿದ್ದರೆ, ಉದಾಹರಣೆಗೆ ‘ನನ್ನ ಕಡತಗಳು’ ಎಂಬ ಫೋಲ್ಡರ್ ಇದ್ದರೆ, ಇಡೀ ದಾರಿಯನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಆದರೆ ಹಾಗೆ ಇಟ್ಟ ತಕ್ಷಣ ಶೆಲ್ ಅದನ್ನು ಬರೀ ಮಾತೆಂದು ತಿಳಿದು ಹಿಂದಿರುಗಿ ಮುದ್ರಿಸುತ್ತದೆಯೇ ಹೊರತು ಓಡಿಸುವುದಿಲ್ಲ. ಅದರ ಮುಂದೆ ‘&’ ಚಿಹ್ನೆ ಹಾಕಿದರೆ ‘ಇದನ್ನು ಓಡಿಸು’ ಎಂದಾಗುತ್ತದೆ.

ಹೊಸ ತಂತ್ರಾಂಶ ಸ್ಥಾಪಿಸಿದ ಕೂಡಲೇ ಅದರ ಹೆಸರು ಸಿಗದಿದ್ದರೆ ಮೊದಲು ಕಿಟಕಿಯನ್ನು ಮುಚ್ಚಿ ಮತ್ತೆ ತೆರೆಯಿರಿ. ‘ಪಾತ್’ ಎಂಬ ಹುಡುಕುದಾರಿಗಳ ಪಟ್ಟಿಯನ್ನು ಶೆಲ್ ತಾನು ತೆರೆದುಕೊಂಡಾಗ ಒಮ್ಮೆ ಪಡೆದುಕೊಳ್ಳುತ್ತದೆ, ಆಮೇಲೆ ಬದಲಾದದ್ದು ಅದಕ್ಕೆ ತಿಳಿಯದು. ಇನ್ನು, ಸ್ಕ್ರಿಪ್ಟ್ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ಅದು ಓಡದೆ ನೋಟ್‌ಪ್ಯಾಡಿನಲ್ಲಿ ತೆರೆದುಕೊಳ್ಳುವುದು ದೋಷವಲ್ಲ. ಅರಿಯದೆ ಓಡಿಸುವುದನ್ನು ತಡೆಯಲು ಹಾಗೆ ಇಟ್ಟಿದ್ದಾರೆ.

ಅನುಮತಿ ಇಲ್ಲದಿದ್ದಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ತಪ್ಪು ಸಲಹೆಗಳು ಅತಿ ಹೆಚ್ಚು ಹರಡಿರುವುದು ಈ ಹಂತದ ಬಗ್ಗೆಯೇ. ವಿಂಡೋಸ್‌ನ ಸಾಧಾರಣ ಕಂಪ್ಯೂಟರುಗಳಲ್ಲಿ ‘ಎಕ್ಸಿಕ್ಯೂಷನ್ ಪಾಲಿಸಿ’ ಎಂಬ ನಿಯಮದ ಮೊದಲ ಬೆಲೆ, ಅಂದರೆ ನಾವು ಏನನ್ನೂ ಬದಲಿಸದಿದ್ದಾಗ ಇರುವ ಆಯ್ಕೆ, ‘ರಿಸ್ಟ್ರಿಕ್ಟೆಡ್’. ಇದರ ಪ್ರಕಾರ ನೀವು ಟೈಪ್ ಮಾಡುವ ಕಮಾಂಡ್‌ಗಳು ನಡೆಯುತ್ತವೆ, ಕಡತದಲ್ಲಿರುವ ಸ್ಕ್ರಿಪ್ಟ್‌ಗಳು ನಡೆಯುವುದಿಲ್ಲ. ಆರಂಭದಲ್ಲಿ ಹೇಳಿದ, ಒಂದೊಂದಾಗಿ ನಡೆದದ್ದು ಕಡತದಲ್ಲಿ ನಡೆಯದ ಒಗಟಿಗೆ ಉತ್ತರ ಇದೇ.

ಈ ಹಂತದ ಸಂದೇಶಗಳ ಐಡಿ ‘ಅನ್‌ಆಥರೈಸ್ಡ್ ಆಕ್ಸೆಸ್’. ಆದರೆ ಅದೇ ಐಡಿಯ ಮೇಲೆ ಎರಡು ಬೇರೆ ಬೇರೆ ವಾಕ್ಯಗಳು ಬರಬಹುದು, ಮತ್ತು ಅವೆರಡರ ಮದ್ದೂ ಬೇರೆ. ‘ರನ್ನಿಂಗ್ ಸ್ಕ್ರಿಪ್ಟ್ಸ್ ಈಸ್ ಡಿಸೇಬಲ್ಡ್’ ಎಂದಿದ್ದರೆ ನಿಯಮವೇ ಸ್ಕ್ರಿಪ್ಟ್‌ಗಳನ್ನು ತಡೆಯುತ್ತಿದೆ. ‘ನಾಟ್ ಡಿಜಿಟಲಿ ಸೈನ್ಡ್’ (ಡಿಜಿಟಲ್ ಸಹಿ ಇಲ್ಲ) ಎಂದಿದ್ದರೆ ನಿಯಮ ಸ್ಕ್ರಿಪ್ಟ್‌ಗಳಿಗೆ ಒಪ್ಪಿದೆ, ಈ ಒಂದು ಕಡತವನ್ನು ಮಾತ್ರ ಒಪ್ಪುತ್ತಿಲ್ಲ.

ಮೊದಲನೆಯ ಸಂದರ್ಭದಲ್ಲಿ ಏನನ್ನೂ ಬದಲಿಸುವ ಮುನ್ನ ಈಗಿನ ಸ್ಥಿತಿ ನೋಡಿ:

ಗೆಟ್-ಎಕ್ಸಿಕ್ಯೂಷನ್‌ಪಾಲಿಸಿ -ಲಿಸ್ಟ್

ಐದು ಸಾಲುಗಳು ಬರುತ್ತವೆ. ಮೇಲಿನಿಂದ ಕೆಳಕ್ಕೆ ಅವು ಮೆಷಿನ್ ಪಾಲಿಸಿ, ಯೂಸರ್ ಪಾಲಿಸಿ, ಪ್ರೋಸೆಸ್, ಕರೆಂಟ್ ಯೂಸರ್, ಲೋಕಲ್ ಮೆಷಿನ್. ಮೇಲಿನಿಂದ ನೋಡುತ್ತಾ ಬಂದಾಗ ‘ಅನ್‌ಡಿಫೈನ್ಡ್’ (ನಿಗದಿಯಾಗಿಲ್ಲ) ಅಲ್ಲದ ಬೆಲೆ ಮೊದಲು ಯಾವುದು ಸಿಗುತ್ತದೆಯೋ ಅದೇ ಗೆಲ್ಲುತ್ತದೆ. ಮೊದಲ ಎರಡು ಸಾಲುಗಳನ್ನು ತುಂಬುವುದು ಸಂಸ್ಥೆ ತನ್ನ ಕಂಪ್ಯೂಟರುಗಳಿಗೆ ಒಟ್ಟಾಗಿ ಹಾಕುವ ‘ಗ್ರೂಪ್ ಪಾಲಿಸಿ’. ಕಚೇರಿಯ ಕಂಪ್ಯೂಟರಿನಲ್ಲಿ ಆ ಸಾಲುಗಳು ತುಂಬಿದ್ದರೆ ಕೆಳಗಿನದನ್ನು ಎಷ್ಟು ಬದಲಿಸಿದರೂ ಫಲವಿಲ್ಲ. ವ್ಯವಸ್ಥೆ ನೋಡಿಕೊಳ್ಳುವವರನ್ನು ಕೇಳುವುದೊಂದೇ ಸರಿಯಾದ ದಾರಿ. ಅವು ಖಾಲಿಯಿದ್ದರೆ ನಿಮ್ಮ ಖಾತೆಗೆ ಮಾತ್ರ ಅನ್ವಯಿಸುವಂತೆ ಹೀಗೆ ಬದಲಿಸಿ:

ಸೆಟ್-ಎಕ್ಸಿಕ್ಯೂಷನ್‌ಪಾಲಿಸಿ -ಸ್ಕೋಪ್ ಕರೆಂಟ್‌ಯೂಸರ್ -ಎಕ್ಸಿಕ್ಯೂಷನ್‌ಪಾಲಿಸಿ ರಿಮೋಟ್‌ಸೈನ್ಡ್

‘ಸ್ಕೋಪ್’ ಭಾಗವನ್ನು ಬಿಟ್ಟರೆ ಬದಲಾವಣೆ ಇಡೀ ಯಂತ್ರಕ್ಕೆ ಎಂದಾಗುತ್ತದೆ, ಅದಕ್ಕೆ ಆಡಳಿತಗಾರನ ಹಕ್ಕು ಬೇಕಾಗುತ್ತದೆ; ‘ಆಕ್ಸೆಸ್ ಡಿನೈಡ್’ ಎಂದು ಸಿಕ್ಕಿಹಾಕಿಕೊಂಡವರಲ್ಲಿ ಹೆಚ್ಚಿನವರು ಇದನ್ನು ಬಿಟ್ಟವರೇ. ಹಳೆಯ ಶೆಲ್‌ನಲ್ಲಿ ಬದಲಿಸಿದ್ದು ಹೊಸದಕ್ಕೆ ಅನ್ವಯಿಸುವುದಿಲ್ಲ, ಹೊಸದರಲ್ಲಿ ಬದಲಿಸಿದ್ದು ಹಳೆಯದಕ್ಕೂ ಇಲ್ಲ. ಎರಡೂ ಈ ಬೆಲೆಯನ್ನು ಬೇರೆ ಬೇರೆ ಕಡೆ ಇಟ್ಟುಕೊಳ್ಳುತ್ತವೆ. ಅಂತರಜಾಲದಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಅಥವಾ ‘ಬೈಪಾಸ್’ ಎಂದು ಯಂತ್ರಕ್ಕೇ ಹಾಕಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಈ ನಿಯಮ ದುರುದ್ದೇಶದವರನ್ನು ತಡೆಯುವ ಗೋಡೆಯಲ್ಲ ಎಂಬುದು ನಿಜ. ಆದರೆ ಹೊರಗಿನಿಂದ ಬಂದ ಸ್ಕ್ರಿಪ್ಟನ್ನು ಅರಿಯದೆ ಓಡಿಸುವ ಕೈಯನ್ನು ಅದು ಒಮ್ಮೆ ಹಿಡಿದು ನಿಲ್ಲಿಸುತ್ತದೆ, ಕಲಿಯುತ್ತಿರುವವರಿಗೆ ಆ ಒಂದು ಕ್ಷಣ ಬೇಕೇ ಬೇಕು.

ಎರಡನೆಯ ಸಂದರ್ಭದ ಮೂಲ ಕಡತದ ಮೇಲಿರುವ ಒಂದು ಕಾಣದ ಗುರುತು. ಬ್ರೌಸರ್ ಅಥವಾ ಮೇಲ್ ಮೂಲಕ ಇಳಿಸಿಕೊಂಡ ಕಡತಕ್ಕೆ ವಿಂಡೋಸ್ ‘ಜೋನ್ ಐಡೆಂಟಿಫೈಯರ್’ ಎಂಬ ಚೀಟಿಯನ್ನು ಅಂಟಿಸುತ್ತದೆ. ಅದರಲ್ಲಿ 3 ಎಂಬ ಸಂಖ್ಯೆ ಇದ್ದರೆ ಕಡತ ಅಂತರಜಾಲದಿಂದ ಬಂದದ್ದು ಎಂದರ್ಥ. ‘ರಿಮೋಟ್‌ಸೈನ್ಡ್’ ನಿಯಮ ಈ ಚೀಟಿಯಿರುವ, ಸಹಿಯಿಲ್ಲದ ಸ್ಕ್ರಿಪ್ಟನ್ನು ತಡೆಯುತ್ತದೆ. ಚೀಟಿ ಉಳಿಯುವುದು ಎನ್‌ಟಿಎಫ್‌ಎಸ್‌ನಂಥ ಮಾದರಿಯ ಡಿಸ್ಕಿನಲ್ಲಿ ಮಾತ್ರ. ಫ್ಯಾಟ್32 ಮಾದರಿಯ ಪೆನ್‌ಡ್ರೈವ್ ಮೂಲಕ ಬಂದ ಕಡತದಲ್ಲಿ ಅದು ಉದುರಿಹೋಗಿರುತ್ತದೆ. ಒಂದೇ ಸ್ಕ್ರಿಪ್ಟ್ ಮೇಲ್‌ನಲ್ಲಿ ಬಂದಾಗ ಓಡದೆ ಪೆನ್‌ಡ್ರೈವ್‌ನಲ್ಲಿ ಬಂದಾಗ ಓಡಿತು ಎಂದು ಯಾರಾದರೂ ಹೇಳಿದರೆ, ಬೇರೇನನ್ನೂ ಹುಡುಕದೆ ಈ ಚೀಟಿಯನ್ನೇ ಹುಡುಕಿ. ಸ್ಕ್ರಿಪ್ಟನ್ನು ತೆರೆದು, ಪೂರ್ತಿ ಓದಿ, ನಂಬಿಕೆ ಬಂದ ಮೇಲೆ ‘ಅನ್‌ಬ್ಲಾಕ್-ಫೈಲ್’ ಎಂಬ ಕಮಾಂಡಿಗೆ ಅದರ ಹೆಸರು ಕೊಟ್ಟರೆ ಆ ಕಡತದ ಚೀಟಿ ಮಾತ್ರ ತೆಗೆದುಹೋಗುತ್ತದೆ, ನಿಯಮ ಇದ್ದಂತೆಯೇ ಇರುತ್ತದೆ.

ಕನ್ನಡ ಅಕ್ಷರಗಳು ಕೆಟ್ಟಾಗ

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅತಿ ಹೆಚ್ಚು ತೊಂದರೆ ಕೊಡುವ ಹಂತ ಇದು. ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ.

ಪರದೆಯ ಮೇಲೆ ಕನ್ನಡ ಕೆಡುವುದು ಮೂರು ಬಗೆಯಲ್ಲಿ, ಮತ್ತು ಬಗೆ ನೋಡಿಯೇ ಕಾರಣ ಹೇಳಬಹುದು. ಖಾಲಿ ಚೌಕಗಳು ಕಂಡರೆ ಅಕ್ಷರಗಳು ಸುರಕ್ಷಿತವಾಗಿವೆ, ಕಿಟಕಿಯ ಅಚ್ಚಿನಲ್ಲಿ (ಫಾಂಟ್‌ನಲ್ಲಿ) ಕನ್ನಡವಿಲ್ಲ ಅಷ್ಟೆ. ವಿಂಡೋಸ್ ಟರ್ಮಿನಲ್ ಬಳಸಿ ಅಥವಾ ಫಲಿತಾಂಶವನ್ನು ಕಡತಕ್ಕೆ ಬರೆದು ನೋಟ್‌ಪ್ಯಾಡಿನಲ್ಲಿ ನೋಡಿ. ತಲೆಯ ಮೇಲೆ ಗೀರು ಇರುವ ಇಂಗ್ಲಿಷಿನ ಸಣ್ಣ ‘ಎ’, ಪಕ್ಕದಲ್ಲಿ ಮೇಲಕ್ಕೇರಿಸಿದ ಪುಟ್ಟ 2 ಅಥವಾ 3, ಮತ್ತೆ ಅದೇ ‘ಎ’ ಎಂಬ ಸರಣಿ ಕಂಡರೆ, ಕಡತ ಸರಿಯಿದೆ, ಶೆಲ್ ಅದನ್ನು ತಪ್ಪಾಗಿ ಓದಿಕೊಂಡಿದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾಹಿತಿ ನಷ್ಟವಾಗಿದೆ, ಆ ಕಡತದಿಂದ ಅದನ್ನು ಮರಳಿ ಪಡೆಯಲಾಗದು.

ನಡುವಿನ ಬಗೆಯ ಕಾರಣ ಹೀಗಿದೆ. ಇಂದಿನ ನೋಟ್‌ಪ್ಯಾಡ್ ಮತ್ತು ವಿಎಸ್ ಕೋಡ್ ಎರಡೂ ಕಡತಗಳನ್ನು ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ, ತಲೆಯಲ್ಲಿ ಯಾವ ಗುರುತೂ ಇಲ್ಲದೆ ಉಳಿಸುತ್ತವೆ. ಪವರ್‌ಶೆಲ್ 7 ಗುರುತಿಲ್ಲದ ಕಡತವನ್ನು ಯುಟಿಎಫ್-8 ಎಂದೇ ಓದುತ್ತದೆ. ವಿಂಡೋಸ್ ಪವರ್‌ಶೆಲ್ 5.1 ಮಾತ್ರ, ಯಾವ ಬೈಟ್‌ಗೆ ಯಾವ ಅಕ್ಷರ ಎಂದು ಹೇಳುವ ಹಳೆಯ ಸಂಕೇತಪುಟದ ಪ್ರಕಾರ ಓದುತ್ತದೆ. ಇಂಗ್ಲಿಷ್ ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ 1252 ಎಂಬ ಪುಟ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್‌ಗಳು. 1252ರಲ್ಲಿ ಒಂದು ಬೈಟ್‌ಗೆ ಒಂದು ಅಕ್ಷರ. ಹೀಗೆ ನಮ್ಮ ಒಂದು ಅಕ್ಷರ ಅಲ್ಲಿ ಮೂರು ಅಕ್ಷರಗಳಾಗಿ ಒಡೆಯುತ್ತದೆ.

ಅಕ್ಷರಗಳು ಅಂದಗೆಟ್ಟು ಕಾಣುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು, ಆದರೆ ಸ್ಕ್ರಿಪ್ಟೇ ಮುರಿದುಬೀಳುತ್ತದೆ. ಒಂದು ಶಾಲೆಯ ಕಚೇರಿಗಾಗಿ ನಾನು ಬರೆದ ಸಂಬಳಚೀಟಿಯ ಸ್ಕ್ರಿಪ್ಟ್ ನನ್ನ ಕಂಪ್ಯೂಟರಿನಲ್ಲಿ, ಅಂದರೆ ಪವರ್‌ಶೆಲ್ 7ರಲ್ಲಿ, ತಪ್ಪಿಲ್ಲದೆ ನಡೆಯುತ್ತಿತ್ತು. ಕಚೇರಿಯ ಕಂಪ್ಯೂಟರಿನಲ್ಲಿದ್ದದ್ದು 5.1. ಅಲ್ಲಿ ‘ಉದ್ಧರಣ ಚಿಹ್ನೆ ಮುಚ್ಚಿಲ್ಲ’ ಎಂಬ ದೋಷ ಬಂತು. ಚಿಹ್ನೆಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದೆ, ಎಲ್ಲವೂ ಮುಚ್ಚಿದ್ದವು. ಸ್ಕ್ರಿಪ್ಟನ್ನು ಅರ್ಧ ಅರ್ಧ ಕತ್ತರಿಸುತ್ತಾ ಹೋದಾಗ ಎರಡು ಸಾಲು ಉಳಿದವು. ಒಂದರಲ್ಲಿ ಒಂಟಿ ಉದ್ಧರಣದೊಳಗೆ ‘ಹೆಸರು’ ಎಂದಿತ್ತು, ಇನ್ನೊಂದರಲ್ಲಿ ಅದೇ ರೀತಿ ‘ಸಂಬಳ’ ಎಂದಿತ್ತು. ಮೊದಲನೆಯದು ಕೆಟ್ಟ ಅಕ್ಷರಗಳಲ್ಲಾದರೂ ಓಡುತ್ತಿತ್ತು, ಎರಡನೆಯದು ಓಡುತ್ತಲೇ ಇರಲಿಲ್ಲ.

ವ್ಯತ್ಯಾಸವಿದ್ದದ್ದು ಅನುಸ್ವಾರದಲ್ಲಿ. ಕನ್ನಡದ ಅನುಸ್ವಾರದ ಮೂರನೆಯ ಬೈಟ್ ಹದಿನಾರರ ಎಣಿಕೆಯಲ್ಲಿ 82. ಸಂಕೇತಪುಟ 1252ರಲ್ಲಿ 82 ಎಂದರೆ ಸಾಲಿನ ಬುಡದಲ್ಲಿ ಕೂರುವ ಒಂಟಿ ಉದ್ಧರಣ ಚಿಹ್ನೆ. ವರ್ಡ್‌ನಂಥ ತಂತ್ರಾಂಶಗಳಿಂದ ನಕಲು ಮಾಡಿದ ಬಾಗಿದ ಉದ್ಧರಣ ಚಿಹ್ನೆಗಳನ್ನೂ ನೇರ ಚಿಹ್ನೆಗಳಂತೆಯೇ ಒಪ್ಪಿಕೊಳ್ಳುವ ಉದಾರತೆ ಪವರ್‌ಶೆಲ್‌ಗಿದೆ, ಈ ಬುಡದ ಚಿಹ್ನೆಯೂ ಆ ಪಟ್ಟಿಯಲ್ಲಿದೆ. ಹೀಗಾಗಿ ‘ಸಂಬಳ’ದ ಸೊನ್ನೆ ಬಂದ ಕೂಡಲೇ ಮಾತು ಮುಗಿಯಿತೆಂದು ಶೆಲ್ ತಿಳಿಯುತ್ತದೆ, ‘ಬಳ’ ಹೊರಗೆ ಉಳಿಯುತ್ತದೆ, ನಾವು ಮುಚ್ಚಲು ಹಾಕಿದ ಚಿಹ್ನೆ ಅದಕ್ಕೆ ಹೊಸದೊಂದನ್ನು ತೆರೆದಂತೆ ಕಾಣುತ್ತದೆ. ‘ಹೆಸರು’ ಎಂಬುದರಲ್ಲಿ ಅಂಥ ಬೈಟ್ ಇಲ್ಲ. ‘ಒ’ ಅಕ್ಷರವೂ ‘ೂ’ ಗುಣಿತವೂ ಒಂಟಿ ಉದ್ಧರಣವನ್ನು ಇದೇ ರೀತಿ ಮುರಿಯುತ್ತವೆ. ‘ಓ’ ಮತ್ತು ‘ಔ’ಗಳ ಕೊನೆಯ ಬೈಟ್‌ಗಳು 93 ಮತ್ತು 94, ಅವು ಜೋಡಿ ಉದ್ಧರಣವಾಗಿ ಓದಲ್ಪಡುವುದರಿಂದ ಜೋಡಿ ಚಿಹ್ನೆಯೊಳಗಿನ ‘ಓದು’ ಎಂಬ ಮಾತು ಮೊದಲ ಅಕ್ಷರದಲ್ಲೇ ಕಡಿದುಹೋಗುತ್ತದೆ. ಕನ್ನಡ ವಾಕ್ಯಗಳಲ್ಲಿ ಅನುಸ್ವಾರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ನೋಡಿದರೆ, ನಮ್ಮವರ ಸ್ಕ್ರಿಪ್ಟ್‌ಗಳು 5.1ರಲ್ಲಿ ಕಾರಣ ತಿಳಿಯದಂತೆ ಮುರಿಯುವುದು ಆಶ್ಚರ್ಯವಲ್ಲ.

ಇದನ್ನು ಪತ್ತೆಹಚ್ಚಲು ಎರಡು ದಾರಿಗಳಿವೆ. ಮೊದಲನೆಯದಕ್ಕೆ ಒಂದು ಪುಟ್ಟ ಕಡತದಲ್ಲಿ ಈ ಒಂದೇ ಸಾಲನ್ನು ಬರೆದು ಉಳಿಸಿ, ಓಡಿಸಿ:

"ಸಂಬಳ".ಲೆಂತ್

ಉತ್ತರ 4 ಬಂದರೆ ಶೆಲ್ ಸರಿಯಾಗಿ ಓದುತ್ತಿದೆ: ಸ, ಅನುಸ್ವಾರ, ಬ, ಳ. ಉತ್ತರ 12 ಬಂದರೆ ಬೈಟ್‌ಗಳನ್ನು ಬಿಡಿಬಿಡಿಯಾಗಿ ಓದುತ್ತಿದೆ. ಇಲ್ಲಿ ಜೋಡಿ ಉದ್ಧರಣವನ್ನೇ ಬಳಸಬೇಕು. ಒಂಟಿಯದಾದರೆ ಎಣಿಕೆಗೆ ಮುನ್ನವೇ ಮುರಿಯುತ್ತದೆ. ಎರಡನೆಯ ದಾರಿ, ಸ್ಕ್ರಿಪ್ಟ್ ಕಡತದ ಹೆಸರನ್ನು ‘ಫಾರ್ಮ್ಯಾಟ್-ಹೆಕ್ಸ್’ ಕಮಾಂಡಿಗೆ ಕೊಟ್ಟು ಮೊದಲ ಮೂರು ಬೈಟ್‌ಗಳನ್ನು ನೋಡುವುದು. ಇಎಫ್, ಬಿಬಿ, ಬಿಎಫ್ ಎಂದಿದ್ದರೆ ‘ಬಾಮ್’ ಎಂಬ ತಲೆಗುರುತು ಇದೆ, 5.1 ಕೂಡ ಅದನ್ನು ಸರಿಯಾಗಿ ಓದುತ್ತದೆ.

ಪರಿಹಾರ ಸರಳ. ನೋಟ್‌ಪ್ಯಾಡಿನಲ್ಲಿ ‘ಸೇವ್ ಆಸ್’ ಒತ್ತಿ, ಕೆಳಗಿನ ಎನ್‌ಕೋಡಿಂಗ್ ಪಟ್ಟಿಯಲ್ಲಿ ‘ಯುಟಿಎಫ್-8 ವಿತ್ ಬಾಮ್’ ಆರಿಸಿ ಉಳಿಸಿ. ವಿಎಸ್ ಕೋಡ್‌ನಲ್ಲಿ ಕೆಳಪಟ್ಟಿಯ ‘ಯುಟಿಎಫ್-8’ ಎಂಬಲ್ಲಿ ಒತ್ತಿದರೆ ಅದೇ ಆಯ್ಕೆ ಸಿಗುತ್ತದೆ. ಸಾಧ್ಯವಿದ್ದಲ್ಲಿ ಕನ್ನಡದ ಕೆಲಸಕ್ಕೆ ಪವರ್‌ಶೆಲ್ 7ನ್ನೇ ಬಳಸುವುದು ಇನ್ನೂ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬರೆಯುವಾಗಿನ ನಷ್ಟಕ್ಕೆ ಬೇರೆ ಎಚ್ಚರ ಬೇಕು. ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ, ಅಂದರೆ ಬೆಲೆಗಳ ನಡುವೆ ಅಲ್ಪವಿರಾಮ ಹಾಕಿ, ಬರೆಯುವ 5.1ರ ‘ಎಕ್ಸ್‌ಪೋರ್ಟ್-ಸಿಎಸ್‌ವಿ’ ಏನೂ ಹೇಳದಿದ್ದರೆ ಇಂಗ್ಲಿಷ್ ಅಕ್ಷರಗಳಿಗಷ್ಟೇ ಜಾಗವಿರುವ ಆಸ್ಕಿ ಕ್ರಮದಲ್ಲಿ ಬರೆಯುತ್ತದೆ. ಕನ್ನಡದ ಪ್ರತಿ ಸಂಕೇತವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಯಾವ ದೋಷಸಂದೇಶವೂ ಬರುವುದಿಲ್ಲ. ಕಮಾಂಡಿನ ಕೊನೆಗೆ ‘-ಎನ್‌ಕೋಡಿಂಗ್ ಯುಟಿಎಫ್8’ ಎಂದು ಸೇರಿಸುವುದನ್ನು ಮರೆಯಬೇಡಿ. 5.1ರಲ್ಲಿ ಹೀಗೆ ಬರೆದ ಕಡತಕ್ಕೆ ತಲೆಗುರುತೂ ಇರುವುದರಿಂದ ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೂ ಕನ್ನಡ ಕೆಡುವುದಿಲ್ಲ. 7ರಲ್ಲಿ ಎಕ್ಸೆಲ್‌ಗಾಗಿ ‘ಯುಟಿಎಫ್8ಬಾಮ್’ ಎಂದೇ ಕೊಡಬೇಕು.

ಕಡತದ ಹೆಸರು ಕನ್ನಡದಲ್ಲಿದ್ದು ‘ಕಡತ ಸಿಗಲಿಲ್ಲ’ ಎಂದು ಬರುತ್ತಿದ್ದರೆ, ಕಾಣದ ಇನ್ನೊಂದು ಸಂಕೇತವನ್ನು ಶಂಕಿಸಿ. ‘ಬಿಲ್‌ಗಳು’ ಎಂದು ಒತ್ತು ಬಾರದಂತೆ ಬರೆಯಲು ನಾವು ಬಳಸುವ ಅಗಲವಿಲ್ಲದ ತಡೆ ಕೂಡ ಒಂದು ಸಂಕೇತವೇ. ಅದು ಇರುವ ಹೆಸರು ಮತ್ತು ಇಲ್ಲದ ಹೆಸರು ಡಿಸ್ಕಿನ ಲೆಕ್ಕದಲ್ಲಿ ಬೇರೆ ಬೇರೆ. ಅಂಥ ಹೆಸರುಗಳನ್ನು ಟೈಪ್ ಮಾಡದೆ ಟ್ಯಾಬ್ ಕೀಲಿಯಿಂದಲೇ ತುಂಬಿಸಿಕೊಳ್ಳಿ.

ಓಡಿದರೂ ಉತ್ತರ ತಪ್ಪಾದಾಗ

ಕೆಂಪು ಅಕ್ಷರವಿಲ್ಲದ ದೋಷಗಳೇ ಹೆಚ್ಚು ಅಪಾಯಕಾರಿ. ಬೇರೆ ಭಾಷೆಯ ಅಭ್ಯಾಸವಿರುವವರು ‘ಐದಕ್ಕಿಂತ ಹೆಚ್ಚು’ ಎನ್ನಲು ‘> 5’ ಎಂದು ಬರೆಯುತ್ತಾರೆ. ಪವರ್‌ಶೆಲ್‌ನಲ್ಲಿ ಆ ಬಾಣದ ಅರ್ಥ ‘ಫಲಿತಾಂಶವನ್ನು ಕಡತಕ್ಕೆ ಬರೆ’ ಎಂದು. ಷರತ್ತು ಯಾವಾಗಲೂ ಸುಳ್ಳಾಗುತ್ತದೆ, ಫೋಲ್ಡರಿನಲ್ಲಿ ‘5’ ಎಂಬ ಹೆಸರಿನ ಕಡತವೊಂದು ಹುಟ್ಟಿಕೊಳ್ಳುತ್ತದೆ. ಬರೀ ಸಂಖ್ಯೆಯ ಹೆಸರಿನ ಅಪರಿಚಿತ ಕಡತ ಕಂಡರೆ ಸ್ಕ್ರಿಪ್ಟ್‌ನಲ್ಲಿ ಈ ಬಾಣವನ್ನು ಹುಡುಕಿ, ಅದರ ಬದಲು ‘-ಜಿಟಿ’ ಎಂದು ಬರೆಯಿರಿ. ಹಾಗೆಯೇ ‘ಇಫ್’ ಒಳಗೆ ಒಂದು ಸಮಚಿಹ್ನೆ ಹಾಕಿದರೆ ಹೋಲಿಕೆಯಾಗದೆ ಬೆಲೆ ತುಂಬಿದಂತಾಗುತ್ತದೆ. ಹೋಲಿಸಲು ‘-ಇಕ್ಯು’ ಬೇಕು.

ಇನ್ನೊಂದನ್ನು ಹತ್ತಿರದಿಂದ ನೋಡಬೇಕು. ‘ಇಂಪೋರ್ಟ್-ಸಿಎಸ್‌ವಿ’ ಮೂಲಕ ಅಂಕಪಟ್ಟಿಯೊಂದನ್ನು ಓದಿ, 35 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರನ್ನು ಉತ್ತೀರ್ಣರೆಂದು ಬೇರ್ಪಡಿಸುವ ಸ್ಕ್ರಿಪ್ಟ್ ಬರೆದಿರಿ ಎನ್ನೋಣ. 9 ಅಂಕದ ವಿದ್ಯಾರ್ಥಿ ಉತ್ತೀರ್ಣ, 100 ಅಂಕದ ವಿದ್ಯಾರ್ಥಿ ಅನುತ್ತೀರ್ಣ ಎಂದು ಪಟ್ಟಿ ಬರುತ್ತದೆ. ಸಿಎಸ್‌ವಿಯಿಂದ ಬಂದ ಪ್ರತಿ ಬೆಲೆಯೂ ಸಂಖ್ಯೆಯಾಗಿರದೆ ಅಕ್ಷರಮಾಲೆಯಾಗಿರುತ್ತದೆ, ಮತ್ತು ಹೋಲಿಕೆಯಲ್ಲಿ ಎಡಗಡೆಯ ಬೆಲೆ ಯಾವ ಜಾತಿಯದೋ ಬಲಗಡೆಯದನ್ನೂ ಅದೇ ಜಾತಿಗೆ ತಿರುಗಿಸಿಕೊಳ್ಳುವುದು ಪವರ್‌ಶೆಲ್‌ನ ಪದ್ಧತಿ. ಅಂಕ ಎಡಗಡೆ ಇದ್ದರೆ 35 ಕೂಡ ಅಕ್ಷರಮಾಲೆಯಾಗುತ್ತದೆ. ನಿಘಂಟಿನ ಕ್ರಮದಲ್ಲಿ 9 ಎಂಬುದು 3ರ ನಂತರ, 1 ಎಂಬುದು 3ಕ್ಕಿಂತ ಮೊದಲು. ಹೆಚ್ಚಿನ ಮಕ್ಕಳ ಅಂಕ ಎರಡಂಕಿಯದಾಗಿರುವುದರಿಂದ ಪಟ್ಟಿಯ ಬಹುಭಾಗ ಸರಿಯಾಗಿಯೇ ಇರುತ್ತದೆ, ಆದ್ದರಿಂದಲೇ ತಪ್ಪು ಕಣ್ಣಿಗೆ ಬೀಳದೆ ದಾಟಿಹೋಗಬಹುದು. ಅಂಕದ ಮುಂದೆ ಚೌಕ ಆವರಣದಲ್ಲಿ ‘ಇಂಟ್’ ಎಂದು ಬರೆದು ಅದನ್ನು ಸಂಖ್ಯೆಯಾಗಿಸಿ. ಅಂಕಣದ ತಲೆಬರಹ ಕನ್ನಡದಲ್ಲಿದ್ದರೆ ಚುಕ್ಕೆಯ ನಂತರ ಆ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಬಿಡಿ ಹೆಸರುಗಳಲ್ಲಿ ಶೆಲ್ ಅಕ್ಷರ ಮತ್ತು ಅಂಕಿಗಳನ್ನು ಎಣಿಸುತ್ತದೆ, ನಮ್ಮ ಗುಣಿತಚಿಹ್ನೆಗಳನ್ನು ಅಕ್ಷರಗಳೆಂದು ಎಣಿಸುವುದಿಲ್ಲ.

ಹೆಸರನ್ನು ತಪ್ಪಾಗಿ ಬರೆದ ಚರಾಂಕವನ್ನೂ (ಬೆಲೆಯೊಂದನ್ನು ಹೆಸರಿಟ್ಟು ಇಟ್ಟುಕೊಳ್ಳುವ ಜಾಗವನ್ನೂ) ಪವರ್‌ಶೆಲ್ ಸುಮ್ಮನೆ ಖಾಲಿ ಎಂದು ಒಪ್ಪಿಕೊಳ್ಳುತ್ತದೆ. ಸ್ಕ್ರಿಪ್ಟ್‌ನ ತಲೆಯಲ್ಲಿ ಈ ಸಾಲನ್ನು ಇಟ್ಟರೆ ಅಂಥ ತಪ್ಪು ಅಲ್ಲೇ ಕೆಂಪಾಗಿ ನಿಲ್ಲುತ್ತದೆ:

ಸೆಟ್-ಸ್ಟ್ರಿಕ್ಟ್‌ಮೋಡ್ -ವರ್ಷನ್ ಲೇಟೆಸ್ಟ್

ವರ್ಷಗಳಿಂದ ಓಡುತ್ತಿರುವ ಹಳೆಯ ಸ್ಕ್ರಿಪ್ಟ್‌ಗೆ ಇದನ್ನು ಸೇರಿಸಿದರೆ ಒಮ್ಮೆಲೇ ಹಲವು ದೋಷಗಳು ಏಳಬಹುದು. ಅಲ್ಲಿ ಮೊದಲು ನಕಲು ಪ್ರತಿಯೊಂದರಲ್ಲಿ ಸೇರಿಸಿ, ಏಳುವ ದೋಷಗಳನ್ನು ಮೇಲಿನಿಂದ ಒಂದೊಂದಾಗಿ ತಿದ್ದಿ, ಆಮೇಲೆ ಮೂಲಕ್ಕೆ ತನ್ನಿ.